ಈ ಲೆನ್ಸ್ ಏನನ್ನು ಬಿಟ್ಟುಕೊಟ್ಟಿದೆ?

(ಮೈಸೂರಿನಲ್ಲಿ ಫೋಟೋಗ್ರಫಿ ಆಸಕ್ತರ ಮುಂದೆ ಆಡಿದ ಮಾತಿನ ಬರಹ ರೂಪ)

ನನಗೆ ಜಾಸ್ತಿ ಬರುವ ಪ್ರಶ್ನೆ ಒಂದೇ. "ಸರ್, ಒಂದು ಒಳ್ಳೆ ಲೆನ್ಸ್ ಹೇಳಿ." ಏನು ತೆಗೀತೀರಿ ಅಂತ ಕೇಳುತ್ತೇನೆ. "ಎಲ್ಲಾ ತೆಗೀತೀನಿ ಸರ್. ಹಕ್ಕಿ, ಮದುವೆ, ದೇವಸ್ಥಾನ, ಮಕ್ಕಳು." ಅಲ್ಲಿಗೆ ಮುಗಿಯಿತು. ಎಲ್ಲಾ ತೆಗೆಯುವವರಿಗೆ ಅಂತಲೇ ಕಂಪನಿಗಳು 18-300 ಎಂಎಂ ಥರದ, ಅಗಲದ ನೋಟದಿಂದ ದೂರದ ಹಕ್ಕಿಯ ತನಕ ಒಂದರಲ್ಲೇ ಜೂಮ್ ಆಗುವ ಲೆನ್ಸ್ ಮಾಡಿಟ್ಟಿವೆ. ನಾನೂ ಒಂದು ಕೊಂಡಿದ್ದೆ. ಕೆಟ್ಟ ಲೆನ್ಸ್ ಏನಲ್ಲ. ಹಕ್ಕಿಗೆ ಬೆಳಕು ಸಾಲುವುದಿಲ್ಲ, ಮದುವೆಯಲ್ಲಿ ಹಿನ್ನೆಲೆ ಕರಗುವುದಿಲ್ಲ, ದೇವಸ್ಥಾನದ ಕಂಬ ಬಾಗುತ್ತದೆ, ಮಕ್ಕಳು ಆ ಕಡೆ ಓಡಿಹೋದ ಮೇಲೆ ಫೋಕಸ್ ಆಗುತ್ತದೆ. ಉಳಿದಂತೆ ಚೆನ್ನಾಗಿದೆ.

ಹಾಗಾಗಿ ಇವತ್ತು ಇಂಥದ್ದೇ ತಗೊಳ್ಳಿ ಅಂತ ನಾನು ಹೇಳುವುದಿಲ್ಲ. ಲೆನ್ಸನ್ನು ನೋಡುವ ಒಂದು ಬಗೆ ಹೇಳುತ್ತೇನೆ. ಲೆನ್ಸ್ ಮಾಡುವವರ ಮುಂದೆ ಒಂದಿಷ್ಟು ಆಸೆಗಳಿರುತ್ತವೆ. ಬೆಳಕು ಜಾಸ್ತಿ ಬರಬೇಕು. ಮೂಲೆಯ ತನಕ ಶಾರ್ಪ್ ಇರಬೇಕು. ಜೂಮ್ ಆಗಬೇಕು. ಹಗುರ ಇರಬೇಕು. ಬೆಲೆ ಕೈಗೆ ಸಿಗುವಂತಿರಬೇಕು. ಇವೆಲ್ಲ ಒಂದೇ ಕೊಳವೆಯೊಳಗೆ ಕೂರುವುದಿಲ್ಲ, ಯಾವುದನ್ನಾದರೂ ಬಿಡಲೇಬೇಕು. ಏನು ಕೊಟ್ಟಿದ್ದಾರೆ ಅನ್ನುವುದು ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಇರುತ್ತದೆ. ಏನು ಬಿಟ್ಟಿದ್ದಾರೆ ಅನ್ನುವುದನ್ನು ನಾವೇ ಹುಡುಕಿಕೊಳ್ಳಬೇಕು. ಆ ಬಿಟ್ಟದ್ದು ನಿಮಗೆ ಬೇಕಾದದ್ದೋ ಬೇಡವಾದದ್ದೋ ಅಂತ ನೋಡಿದರೆ ಅರ್ಧ ಗೊಂದಲ ಅಲ್ಲಿಗೇ ಹೋಗುತ್ತದೆ.

ಈ ಲೆನ್ಸನ್ನು ಕೈಯಿಂದ ಕೈಗೆ ದಾಟಿಸಿ. ಹೆದರಬೇಡಿ, ಬಿದ್ದರೂ ಮನೆ ಮಾರಬೇಕಾಗಿಲ್ಲ. ಕ್ಯಾನನ್‌ನ 50 ಎಂಎಂ ಎಫ್ 1.8, ಎರಡನೇ ಮಾದರಿ, 1990ರಲ್ಲಿ ಬಂದದ್ದು. ಎಫ್ ನಂಬರ್ ಸಣ್ಣದಾದಷ್ಟೂ ಬೆಳಕು ಜಾಸ್ತಿ. ತೂಕ 130 ಗ್ರಾಂ. ಕ್ಯಾಮೆರಾಗೆ ಸಿಕ್ಕಿಸುವ ಜಾಗವೂ ಪ್ಲಾಸ್ಟಿಕ್ಕೇ. ಫೋಕಸ್ ಮಾಡುವ ಬಳೆ ಎಷ್ಟು ಕಿರಿದು ಅಂದರೆ ಉಗುರಲ್ಲಿ ತಿರುಗಿಸಬೇಕು. ಮೋಟಾರು ಜರ್ರ್ ಅನ್ನುತ್ತದೆ. ಅಪರ್ಚರ್‌ನ, ಅಂದರೆ ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಬಾಗಿಲಿನ, ಎಲೆಗಳು ಐದೇ. ಇಷ್ಟನ್ನೆಲ್ಲ ಬಿಟ್ಟಿದ್ದಾರೆ. ಆದರೆ ಗಾಜು ಬಿಟ್ಟಿಲ್ಲ. ಒಳಗೆ ಆರು ಗಾಜುಗಳಿವೆ, ಡಬಲ್ ಗಾಸ್ ಅನ್ನುವ ಜೋಡಣೆ. 1896ರಲ್ಲಿ ಜೈಸ್ ಕಂಪನಿಯ ಪಾಲ್ ರುಡಾಲ್ಫ್ ಮಾಡಿದ ಪ್ಲಾನರ್ ಲೆನ್ಸಿನ ವಂಶ ಇದು. ನೂರು ವರ್ಷಕ್ಕಿಂತ ಜಾಸ್ತಿ ಎಲ್ಲ ಕಂಪನಿಗಳೂ ತಿದ್ದಿ ತೀಡಿದ ನಕ್ಷೆ. ಅದಕ್ಕೇ ಈ ಆಟಿಕೆ ಥರದ ಡಬ್ಬಿ ಎಫ್ 4ಕ್ಕೆ ಇಳಿಸಿದರೆ, ಅಂದರೆ ಕಿಂಡಿಯನ್ನು ಸ್ವಲ್ಪ ಮುಚ್ಚಿದರೆ, ತನ್ನ ಐದು ಪಟ್ಟು ಬೆಲೆಯ ಜೂಮುಗಳ ಪಕ್ಕ ನಿಲ್ಲುತ್ತದೆ. ಕೊಡುವಾಗ ಎಲ್ಲಿ ಕೈ ಬಿಗಿ ಹಿಡಿಯಬೇಕು ಅಂತ ಗೊತ್ತಿದ್ದವರು ಮಾಡಿದ ಲೆನ್ಸ್ ಇದು. ನನಗೆ ಇದರ ಮೇಲೆ ತುಂಬ ಗೌರವ.

ಎಫ್ ನಂಬರ್ ಬಗ್ಗೆ ಒಂದು ಸಣ್ಣ ಲೆಕ್ಕ. ಫೋಕಲ್ ಲೆಂತ್ ಅನ್ನು, ಅಂದರೆ ಲೆನ್ಸಿನ ಮೇಲಿರುವ ಆ ಎಂಎಂ ಅಂಕಿಯನ್ನು, ಎಫ್ ನಂಬರಿನಿಂದ ಭಾಗಿಸಿ. 50 ಭಾಗಿಸು 1.8, ಸುಮಾರು 28 ಎಂಎಂ. ಮುಂದಿನಿಂದ ನೋಡಿದಾಗ ಕಾಣುವ ಬೆಳಕಿನ ಕಿಂಡಿ ಅಷ್ಟು ಅಗಲ. 300 ಎಂಎಂ ಎಫ್ 2.8 ಆದರೆ 107 ಎಂಎಂ. 600 ಎಂಎಂ ಎಫ್ 4 ಆದರೆ 150 ಎಂಎಂ, ಅಂದರೆ ಮುಂದಿನ ಗಾಜು ಊಟದ ಬಟ್ಟಲಿಗಿಂತ ದೊಡ್ಡದು. ಅಷ್ಟು ದೊಡ್ಡ ಗಾಜನ್ನು ಗುಳ್ಳೆ, ಗೆರೆ ಇಲ್ಲದೆ ಎರಕ ಹೊಯ್ದು, ನಿಧಾನಕ್ಕೆ ತಣಿಸಿ, ಉಜ್ಜಿ ಹದಕ್ಕೆ ತರಬೇಕು. ಬೆಲೆ ಯಾಕೆ ಕಾರಿನಷ್ಟು ಅಂತ ಕೇಳುವವರು ಈ ಭಾಗಾಕಾರ ಮಾಡಿ ನೋಡಿದರೆ ಸಾಕು.

ಸ್ವಲ್ಪ ಹಿಂದಕ್ಕೆ ಹೋಗೋಣ. ಈ ಕಥೆ ನನಗೆ ಇಷ್ಟ, ಅದಕ್ಕೇ ಹೇಳುತ್ತೇನೆ. 1839ರಲ್ಲಿ ಪ್ಯಾರಿಸ್ಸಿನಲ್ಲಿ ಡಾಗೇರ್ ತನ್ನ ಫೋಟೋ ವಿಧಾನ ಜಗತ್ತಿಗೆ ತೋರಿಸಿದಾಗ ಆ ಕ್ಯಾಮೆರಾದ ಲೆನ್ಸ್ ಹೆಚ್ಚುಕಮ್ಮಿ ಎಫ್ 16. ಬಿಸಿಲಲ್ಲೂ ನಿಮಿಷಗಟ್ಟಲೆ ಎಕ್ಸ್‌ಪೋಶರ್ ಬೇಕು. ಮನೆ, ಗೋಪುರ ತೆಗೆಯಬಹುದು, ಮನುಷ್ಯರನ್ನು ತೆಗೆಯುವುದು ಕಷ್ಟ. ಮರುವರ್ಷ, 1840ರಲ್ಲಿ, ವಿಯೆನ್ನಾದ ಗಣಿತದ ಮೇಷ್ಟ್ರು ಜೋಸೆಫ್ ಪೆಟ್ಸ್‌ವಾಲ್ ಲೆಕ್ಕ ಹಾಕಿ ಒಂದು ಲೆನ್ಸ್ ಮಾಡಿದರು. ಲೆಕ್ಕ ಅಂದರೆ ಬರೀ ಲೆಕ್ಕ, ಪೆನ್ನು ಕಾಗದದಲ್ಲಿ. ಗುಂಡು ಎಲ್ಲಿ ಬೀಳುತ್ತದೆ ಅಂತ ಲೆಕ್ಕ ಹಾಕಿ ರೂಢಿಯಿದ್ದ ಫಿರಂಗಿ ಪಡೆಯ ಸೈನಿಕರನ್ನು ಅವರ ಸಹಾಯಕ್ಕೆ ಕೊಟ್ಟಿದ್ದರಂತೆ. ಬಂದ ಲೆನ್ಸ್ ಎಫ್ 3.6ರ ಆಸುಪಾಸು. ಮೊದಲಿನದಕ್ಕಿಂತ ಸುಮಾರು 20 ಪಟ್ಟು ಬೆಳಕು. ಮನುಷ್ಯ ಕುರ್ಚಿಯಲ್ಲಿ ಕೂತು ತನ್ನ ಮುಖ ತೆಗೆಸಿಕೊಳ್ಳುವ ಕಾಲ ಬಂತು.

ಆದರೆ ಪೆಟ್ಸ್‌ವಾಲ್ ಅವರೂ ಒಂದನ್ನು ಬಿಟ್ಟರು. ಮೂಲೆಗಳನ್ನು. ನಡುವೆ ಮುಖ ಕತ್ತರಿಸಿ ಇಟ್ಟ ಹಾಗೆ ಶಾರ್ಪ್, ಅಂಚಿಗೆ ಹೋದ ಹಾಗೆ ಎಲ್ಲ ಕಲಸಿ ಸುತ್ತಿಕೊಳ್ಳುತ್ತದೆ. ಮುಖ ತೆಗೆಯುವವನಿಗೆ ಮೂಲೆಯಲ್ಲಿ ಏನು ಕೆಲಸ? ಬೇಡದ್ದನ್ನೇ ನೋಡಿ ಬಿಟ್ಟಿದ್ದಾರೆ. ಈಗ ಆ ಸುತ್ತುವ ಹಿನ್ನೆಲೆ ಬೇಕು ಅಂತಲೇ ಹುಡುಗರು ರಷ್ಯಾದ ಹಳೇ ಹೀಲಿಯಸ್ 44 ಲೆನ್ಸ್ ಹುಡುಕಿಕೊಂಡು ಹೋಗುತ್ತಾರೆ. ಬೇರೆ ನಕ್ಷೆ, ಅಂಥದ್ದೇ ಸುಳಿ. ಒಂದು ಕಾಲದ ದೋಷಕ್ಕೆ ಇನ್ನೊಂದು ಕಾಲದಲ್ಲಿ ಗಿರಾಕಿ ಸಿಗುತ್ತಾರೆ.

ಈಗ ನಮ್ಮ ಊರಿಗೆ ಬರೋಣ. ಹಳೇಬೀಡಿನ ಗೋಡೆ ನೆನಪಿಸಿಕೊಳ್ಳಿ. ಕೆಳಗೆ ಆನೆ ಸಾಲು, ಮೇಲೆ ಸಿಂಹ, ಬಳ್ಳಿ, ಕುದುರೆ, ಕಥೆಗಳು. ನೀವು ಗೋಡೆಗೆ ನೇರ ನಿಂತು ಆ ಸಾಲು ತೆಗೆದರೆ ಎಡತುದಿಯ ಆನೆಯ ಸೊಂಡಿಲೂ ನಡುವಿನ ಆನೆಯ ಸೊಂಡಿಲೂ ಒಂದೇ ಥರ ಬರಬೇಕು. ಅಲ್ಲಿ ಮೂಲೆ ಬಿಟ್ಟ ಲೆನ್ಸ್ ಕೆಲಸಕ್ಕೆ ಬರುವುದಿಲ್ಲ. ಕೆಲವು ಲೆನ್ಸ್‌ಗಳ ಫೋಕಸ್ ಚಪ್ಪಟೆಯಾಗಿರುವುದಿಲ್ಲ, ಬೋಗುಣಿಯ ಹಾಗೆ ಬಾಗಿರುತ್ತದೆ. ಗೋಡೆ ಚಪ್ಪಟೆ, ಫೋಕಸ್ ಬೋಗುಣಿ. ನಡುವೆ ಸರಿ ಇದ್ದರೆ ಅಂಚು ಹೋಯಿತು, ಅಂಚು ಹಿಡಿದರೆ ನಡುವೆ ಹೋಯಿತು. ಅದೇ ಲೆನ್ಸ್ ತಗೊಂಡು ಮದುವೆ ಮನೆಗೆ ಹೋಗಿ. ಮದುಮಗಳ ಮುಖ, ಹಿಂದೆ ಹೂವಿನ ಅಲಂಕಾರ, ಮೂಲೆಯಲ್ಲಿ ಯಾರದೋ ಮೊಣಕೈ. ಆ ಮೊಣಕೈ ಶಾರ್ಪ್ ಬರದಿದ್ದರೆ ಒಳ್ಳೆಯದೇ. ಲೆನ್ಸ್ ಬದಲಾಗಿಲ್ಲ, ಕೆಲಸ ಬದಲಾಗಿದೆ. "ಒಳ್ಳೆ ಲೆನ್ಸ್" ಅನ್ನುವ ಮಾತಿಗೆ ಮುಂದೆ "ಯಾತಕ್ಕೆ" ಅಂತ ಸೇರಿಸದಿದ್ದರೆ ಅರ್ಥವೇ ಇಲ್ಲ.

ಸರಿ, ಈ ಪೇಪರ್ ಯಾಕೆ ತಂದೆ ಅಂತ ಮುಂದೆ ಕೂತವರು ಆಗಿನಿಂದ ನೋಡುತ್ತಿದ್ದೀರಿ. ನಿನ್ನೆಯ ಕನ್ನಡ ಪೇಪರ್. ಒಳಪುಟದ ಸಣ್ಣ ಜಾಹೀರಾತುಗಳು, ಸೈಟು ಮಾರಾಟಕ್ಕಿದೆ, ವರ ಬೇಕಾಗಿದ್ದಾರೆ, ಅದೆಲ್ಲ. ನನ್ನ ಮಟ್ಟಿಗೆ ಲೆನ್ಸ್ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಸಾಮಾನಿಲ್ಲ. ಯಾಕೆ ಗೊತ್ತಾ? ನಮ್ಮ ಒತ್ತಕ್ಷರ. ಇಂಗ್ಲಿಷ್ ಅಕ್ಷರ ಸ್ವಲ್ಪ ಮಬ್ಬಾದರೂ ಊಹಿಸಿ ಓದಬಹುದು. ಸಣ್ಣಕ್ಷರದಲ್ಲಿ "ಕ್ಷ"ದ ಒಳಗಿನ ತಿರುವು, "ತ್ತ" ಮತ್ತು "ತ್ರ"ದ ಒತ್ತಿನ ವ್ಯತ್ಯಾಸ, ಇವು ಲೆನ್ಸ್ ಸರಿಯಿದ್ದರೆ ಮಾತ್ರ ಬಿಡಿಸಿಕೊಂಡು ಕಾಣುತ್ತವೆ.

ಮಾಡುವುದು ಹೀಗೆ. ಒಂದೇ ಥರದ ಐದು ಹಾಳೆ ತಗೊಳ್ಳಿ. ಗೋಡೆ ಮೇಲೆ ನಡುವೆ ಒಂದು, ನಾಲ್ಕು ಮೂಲೆಗೆ ನಾಲ್ಕು, ಸುಕ್ಕಿಲ್ಲದ ಹಾಗೆ ಅಂಟಿಸಿ. ಹಗಲು ಬೆಳಕು ಬೀಳುವ ಗೋಡೆ ಆಗಿರಲಿ. ಕ್ಯಾಮೆರಾ ಟ್ರೈಪಾಡ್ ಮೇಲೆ, ಗೋಡೆಗೆ ನೇರ. ಇದರಲ್ಲೇ ಎಲ್ಲರೂ ತಪ್ಪುವುದು. ನಾನು ಒಂದು ಸಣ್ಣ ಕನ್ನಡಿಯನ್ನು ಗೋಡೆಗೆ ಒತ್ತಿ ಹಿಡಿಸುತ್ತೇನೆ. ಫ್ರೇಮಿನ ನಟ್ಟನಡುವೆ ನಮ್ಮ ಲೆನ್ಸೇ ಕನ್ನಡಿಯಲ್ಲಿ ಕಂಡರೆ ಕ್ಯಾಮೆರಾ ನೇರ ಇದೆ ಅಂತ. ಎರಡು ಸೆಕೆಂಡ್ ಟೈಮರ್ ಇಡಿ. ಮೊದಲು ಪೂರ್ತಿ ತೆರೆದ ಅಪರ್ಚರ್, ಆಮೇಲೆ 2.8, ಆಮೇಲೆ 5.6, ಆಮೇಲೆ 8, ಕೊನೆಗೆ 16. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿ.

ನಾಲ್ಕು ಮೂಲೆಯೂ ನಡುವಿಗಿಂತ ಸ್ವಲ್ಪ ಮಬ್ಬಾಗಿದ್ದರೆ ಅದು ಲೆನ್ಸಿನ ಸ್ವಭಾವ, 5.6ಕ್ಕೆ ಬಹುಮಟ್ಟಿಗೆ ಸರಿಹೋಗುತ್ತದೆ. ಮೂರು ಮೂಲೆ ಚೆನ್ನಾಗಿದ್ದು ಒಂದು ಮೂಲೆ ಮಾತ್ರ ಕಲಸಿದ್ದರೆ ಅದು ಸ್ವಭಾವ ಅಲ್ಲ, ಕಾಯಿಲೆ. ಒಳಗಿನ ಯಾವುದೋ ಗಾಜು ಕೂದಲೆಳೆಯಷ್ಟು ಓರೆಯಾಗಿ ಕೂತಿದೆ. ಬಿದ್ದ ಲೆನ್ಸಿನಲ್ಲಿ ಇದು ಜಾಸ್ತಿ, ಹೊಸ ಲೆನ್ಸಿನಲ್ಲೂ ಬರುತ್ತದೆ. ನನಗೇ ಬಂದಿತ್ತು. ಹೊಚ್ಚ ಹೊಸ ಜೂಮ್, ಬಲಗಡೆ ಕೆಳಮೂಲೆಯಲ್ಲಿ "ಸಂಪರ್ಕಿಸಿ" ಅನ್ನುವುದು ಒಂದು ಕಪ್ಪು ಗೆರೆಯ ಹಾಗೆ ಕಾಣುತ್ತಿತ್ತು. ಅಂಗಡಿಯವರು "ಎಲ್ಲಾ ಲೆನ್ಸೂ ಹಾಗೇ ಸಾರ್" ಅಂದರು. ಐದೂ ಫೋಟೋ ಪ್ರಿಂಟ್ ಹಾಕಿಸಿಕೊಂಡು ಹೋಗಿ ಅವರ ಟೇಬಲ್ ಮೇಲೆ ಹರಡಿದೆ. ಒಂದು ಮೂಲೆ ಓದಿ ಅಂದೆ. ಓದಲಾಗಲಿಲ್ಲ. ಬದಲಾಯಿಸಿ ಕೊಟ್ಟರು. ಕೊಂಡ ವಾರದೊಳಗೇ ಈ ಕೆಲಸ ಮಾಡಿ, ಆಮೇಲೆ ಯಾರೂ ಕೇಳುವುದಿಲ್ಲ.

ಎಫ್ 16ರದ್ದನ್ನೂ ನೋಡಿ ಅಂದೆ ಅಲ್ವಾ, ಅದಕ್ಕೆ ಕಾರಣ ಇದೆ. ಅಪರ್ಚರ್ ಸಣ್ಣದಾದಷ್ಟೂ ಶಾರ್ಪ್ ಅಂತ ಬಹಳ ಜನ ನಂಬಿದ್ದಾರೆ. ಕಿಂಡಿ ತೀರಾ ಸಣ್ಣದಾದರೆ ಬೆಳಕೇ ಹರಡಿಕೊಳ್ಳುತ್ತದೆ, ಗಾಜಿನ ತಪ್ಪಲ್ಲ. ಎಫ್ 16ಕ್ಕೆ ಒಂದು ಚುಕ್ಕೆ ಸುಮಾರು 21 ಮೈಕ್ರಾನ್ ಅಗಲದ ಬಿಲ್ಲೆಯಾಗುತ್ತದೆ. 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್, ಅಂದರೆ ಬೆಳಕು ಹಿಡಿಯುವ ಸೆನ್ಸರ್ ಹಳೇ ಫಿಲ್ಮಿನಷ್ಟೇ ದೊಡ್ಡದಿರುವ, ಕ್ಯಾಮೆರಾದ ಒಂದು ಪಿಕ್ಸೆಲ್ 6 ಮೈಕ್ರಾನ್. ಮೂರು ಪಿಕ್ಸೆಲ್ ದಾಟಿ ಹರಡಿತು. ಆ ಹಂತದಲ್ಲಿ ಎರಡು ಲಕ್ಷದ ಲೆನ್ಸೂ ಹತ್ತು ಸಾವಿರದ ಲೆನ್ಸೂ ಹೆಚ್ಚುಕಮ್ಮಿ ಒಂದೇ. ಬೆಟ್ಟ ಗುಡ್ಡ ತೆಗೆಯಲು ದುಬಾರಿ ಲೆನ್ಸ್ ಕೊಂಡು ಎಫ್ 22ಕ್ಕೆ ಇಟ್ಟುಕೊಂಡು ಓಡಾಡುವವರಿದ್ದಾರೆ. ಏನು ಹೇಳಲಿ!

ಪೇಪರ್ ಆಯಿತು. ಎರಡನೇ ಪರೀಕ್ಷೆಗೆ ಮೈಸೂರಿನವರಷ್ಟು ಪುಣ್ಯವಂತರು ಬೇರೆ ಇಲ್ಲ. ಭಾನುವಾರ ಸಂಜೆ ಏಳಕ್ಕೆ ಅರಮನೆಗೆ ದೀಪ ಹಾಕುತ್ತಾರಲ್ಲ, ಹೆಚ್ಚುಕಮ್ಮಿ ಒಂದು ಲಕ್ಷ ಬಲ್ಬು. ಹಿಂದೆ ಕಪ್ಪು ಆಕಾಶ, ಮುಂದೆ ಸಾಲು ಸಾಲು ಚುಕ್ಕೆ ಬೆಳಕು. ಲೆನ್ಸಿನ ಗುಣ ಅವಗುಣ ಎರಡನ್ನೂ ಚುಕ್ಕೆ ಬೆಳಕಿನಷ್ಟು ನಿರ್ದಾಕ್ಷಿಣ್ಯವಾಗಿ ಬೇರೆ ಯಾವುದೂ ಹೇಳುವುದಿಲ್ಲ.

ಮೊದಲು ಅಪರ್ಚರ್ ಪೂರ್ತಿ ತೆರೆದು ಅರಮನೆಗೆ ಫೋಕಸ್ ಮಾಡಿ ತೆಗೆಯಿರಿ. ಕೈಯಲ್ಲೇ ಸಾಕು, ಬೇಕಾದಷ್ಟು ಬೆಳಕಿರುತ್ತದೆ. ನಡುವಿನ ಬಲ್ಬುಗಳು ಚುಕ್ಕೆಯಾಗೇ ಇರುತ್ತವೆ. ಅಂಚಿನ ಬಲ್ಬುಗಳನ್ನು ನೋಡಿ. ಒಂದೊಂದಕ್ಕೂ ಎರಡೆರಡು ರೆಕ್ಕೆ ಬಂದು ಹಾರುವ ಹಕ್ಕಿಯ ಹಾಗೆ ಆಗಿರುತ್ತದೆ. ಅದಕ್ಕೆ ಕೋಮಾ ಅನ್ನುತ್ತಾರೆ. ರಾತ್ರಿ ನಕ್ಷತ್ರ ತೆಗೆಯುವವರಿಗೆ ಇದೇ ದೊಡ್ಡ ತಲೆನೋವು, ಮದುವೆಯವರಿಗೆ ಲೆಕ್ಕಕ್ಕೇ ಇಲ್ಲ.

ಆಮೇಲೆ ಬೇಕಂತಲೇ ಫೋಕಸ್ ತಪ್ಪಿಸಿ. ಹತ್ತಿರದ ಬಲೂನು ಮಾರುವವನಿಗೋ ನಿಮ್ಮ ಮಗಳಿಗೋ ಫೋಕಸ್ ಮಾಡಿ, ಹಿಂದೆ ಅರಮನೆ ಕರಗಲಿ. ಒಂದೊಂದು ಬಲ್ಬೂ ಒಂದೊಂದು ಬೆಳಕಿನ ಬಿಲ್ಲೆ. ಬೊಕೆ ಅಂತ ಎಲ್ಲರೂ ಹೇಳುವುದು ಇದನ್ನೇ, ಜಪಾನೀ ಮಾತು. ಬಿಲ್ಲೆ ನಡುವೆ ದುಂಡಗಿದ್ದು ಅಂಚಿಗೆ ಬಾದಾಮಿಯ ಹಾಗೆ ಉದ್ದ ಆಗುತ್ತದೆ, ಲೆನ್ಸಿನ ಕೊಳವೆಯೇ ಓರೆಯಿಂದ ಬರುವ ಬೆಳಕನ್ನು ಕತ್ತರಿಸುವುದರಿಂದ. ಆ ಐದು ಎಲೆಯ 50 ಎಂಎಂ ಅನ್ನು ಸ್ವಲ್ಪ ಮುಚ್ಚಿದರೆ ಬಿಲ್ಲೆಗಳು ಪಂಚಕೋನ ಆಗುತ್ತವೆ, ಅಲ್ಲೇ ಅದರ ಬಡತನ ಬಯಲಾಗುತ್ತದೆ. ಇನ್ನು ಕೆಲವು ದುಬಾರಿ ಲೆನ್ಸ್‌ಗಳಲ್ಲಿ ಬಿಲ್ಲೆ ದುಂಡಗೇ ಇರುತ್ತದೆ, ಆದರೆ ಒಳಗೆ ಈರುಳ್ಳಿ ಹೆಚ್ಚಿದ ಹಾಗೆ ಸುತ್ತು ಸುತ್ತು ಗೆರೆ. ಅಚ್ಚಿನಲ್ಲಿ ಒತ್ತಿ ಮಾಡಿದ ಆಸ್ಫೆರಿಕಲ್, ಅಂದರೆ ಚೆಂಡಿನ ಮೈಯಂತೆ ಸಮನಾಗಿ ಬಾಗಿರದ, ಗಾಜಿನ ಗುರುತು ಅದು. ಆ ಅಚ್ಚಿನ ಮೇಲಿದ್ದ ಉಜ್ಜಿದ ಗೆರೆ ಬಂದು ನಿಮ್ಮ ಮಗಳ ಹಿಂದೆ ಕೂತಿರುತ್ತದೆ. ಆ ಗಾಜು ಹಾಕಿದ್ದು ಮೂಲೆ ಶಾರ್ಪ್ ಆಗಲಿ, ಲೆನ್ಸ್ ಚಿಕ್ಕದಾಗಲಿ ಅಂತ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ತಗೊಂಡರು.

ಇನ್ನೊಂದು, ಮಕ್ಕಳಿಗೂ ಇಷ್ಟ ಆಗುತ್ತದೆ. ಕ್ಯಾಮೆರಾವನ್ನು ಕಟ್ಟೆ ಮೇಲೆ ಅಲುಗದ ಹಾಗೆ ಇಟ್ಟು ಎಫ್ 16ರಲ್ಲಿ ತೆಗೆಯಿರಿ. ಬಲ್ಬುಗಳು ನಕ್ಷತ್ರ ಆಗುತ್ತವೆ. ಕಿರಣ ಎಣಿಸಿ. ಅಪರ್ಚರ್ ಎಲೆ ಎಂಟಿದ್ದರೆ ಕಿರಣ ಎಂಟು. ಒಂಬತ್ತಿದ್ದರೆ ಹದಿನೆಂಟು. ಸಮಸಂಖ್ಯೆ ಆದರೆ ಅಷ್ಟೇ, ಬೆಸ ಆದರೆ ಎರಡರಷ್ಟು. ಎದುರುಬದುರಿನ ಕಿರಣಗಳು ಒಂದರ ಮೇಲೊಂದು ಕೂರುತ್ತವೋ ಇಲ್ಲವೋ ಅನ್ನುವುದಷ್ಟೇ ಇದರ ಗುಟ್ಟು.

ಈಗ ಲೆನ್ಸ್ ಮುಂದೆ ಫಿಲ್ಟರ್ ಹಾಕಿದ್ದೀರಲ್ಲ, ಎಷ್ಟು ಜನ? ಕೈ ಎತ್ತಿ. ಹೆಚ್ಚುಕಮ್ಮಿ ಎಲ್ಲರೂ! "ಸೇಫ್ಟಿಗೆ ಸಾರ್" ಅಂತ ಅಂಗಡಿಯಲ್ಲಿ ಕೊಟ್ಟಿರುತ್ತಾರೆ. ಅದನ್ನು ಹಾಕಿ ಒಂದು, ತೆಗೆದು ಒಂದು ಅರಮನೆ ಫೋಟೋ ತೆಗೆಯಿರಿ. ಅಗ್ಗದ ಫಿಲ್ಟರ್ ಆದರೆ ಕಪ್ಪು ಆಕಾಶದಲ್ಲಿ ಮಸುಕಾಗಿ ತಲೆಕೆಳಗಾದ ಇನ್ನೊಂದು ಅರಮನೆ ತೇಲುತ್ತಿರುತ್ತದೆ. ಸೆನ್ಸರಿಗೆ ಬಿದ್ದ ಬೆಳಕು ವಾಪಸ್ ಹೋಗಿ, ಚಪ್ಪಟೆ ಫಿಲ್ಟರಿಗೆ ಬಡಿದು, ಮತ್ತೆ ಬಂದು ಕೂತಿರುತ್ತದೆ. ಒಂದು ಲಕ್ಷದ ಲೆನ್ಸಿನ ಮುಂದೆ 300 ರೂಪಾಯಿಯ ಗಾಜು ಇಟ್ಟರೆ ನೀವು ನೋಡುತ್ತಿರುವುದು 300 ರೂಪಾಯಿಯ ಗಾಜಿನಲ್ಲೇ. ಸಮುದ್ರದ ಹತ್ತಿರ, ಧೂಳಿನ ಜಾತ್ರೆಯಲ್ಲಿ ಹಾಕಿ. ಉಳಿದ ಕಡೆ ಹುಡ್, ಅಂದರೆ ಲೆನ್ಸಿನ ಮುಂದೆ ಅಡ್ಡಬೆಳಕು ತಡೆಯುವ ಕೊಳವೆ, ಸಾಕು. ಹುಡ್ ಅನ್ನು ಉಲ್ಟಾ ಹಾಕಿಕೊಂಡು ಫೋಟೋ ತೆಗೆಯುವವರ ಬಗ್ಗೆ ಇವತ್ತು ಮಾತಾಡುವುದು ಬೇಡ.

ಫಿಲ್ಟರ್ ಮಾತು ಬಂದದ್ದಕ್ಕೆ ಕೋಟಿಂಗ್, ಅಂದರೆ ಗಾಜಿನ ಮೇಲೆ ಕೂರಿಸುವ ತೆಳು ಪದರದ ಬಗ್ಗೆಯೂ ಹೇಳಿಬಿಡುತ್ತೇನೆ. ಗಾಜಿನ ಪ್ರತಿ ಮೇಲ್ಮೈಯಲ್ಲೂ ಸುಮಾರು 4 ಶೇಕಡಾ ಬೆಳಕು ಹಿಂದಕ್ಕೆ ಹೋಗುತ್ತದೆ. ಈಗಿನ ಜೂಮಿನಲ್ಲಿ ಗಾಳಿಗೆ ತಾಗುವ 30 ಮೇಲ್ಮೈ ಇದ್ದರೆ, ಕೋಟಿಂಗ್ ಇಲ್ಲದಿದ್ದಲ್ಲಿ, ಕೊನೆಗೆ ಸೆನ್ಸರ್ ತಲುಪುವುದು 30 ಶೇಕಡಾಕ್ಕಿಂತ ಕಮ್ಮಿ. ಉಳಿದದ್ದು ಒಳಗೇ ಓಡಾಡಿ ಕಪ್ಪನ್ನೆಲ್ಲ ಬೂದಿ ಮಾಡುತ್ತದೆ. 19ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಡೆನಿಸ್ ಟೇಲರ್ ಒಂದು ವಿಚಿತ್ರ ಗಮನಿಸಿದರು. ಕಾಲ ಕಳೆದು ಮೇಲ್ಮೈ ಕಪ್ಪಿಟ್ಟ ಹಳೇ ಲೆನ್ಸು ಹೊಸದಕ್ಕಿಂತ ಜಾಸ್ತಿ ಬೆಳಕು ಬಿಡುತ್ತಿತ್ತು! ಮೇಲೆ ಕೂತ ತೆಳು ಪದರವೇ ಪ್ರತಿಫಲನ ತಡೆಯುತ್ತಿತ್ತು. ಅದನ್ನು ಬೇಕಂತಲೇ, ನಿರ್ವಾತದಲ್ಲಿ, ಹದವಾಗಿ ಕೂರಿಸುವ ವಿಧಾನ 1935ರಲ್ಲಿ ಜೈಸ್‌ನ ಅಲೆಕ್ಸಾಂಡರ್ ಸ್ಮಾಕುಲಾ ಕೈಯಲ್ಲಿ ಬಂತು. ನಿಮ್ಮ ಲೆನ್ಸನ್ನು ಟ್ಯೂಬ್‌ಲೈಟ್ ಕೆಳಗೆ ಓರೆ ಹಿಡಿದು ನೋಡಿ. ಹಸಿರು, ನೇರಳೆ, ಕಂದು ಬಣ್ಣದ ಟ್ಯೂಬ್‌ಲೈಟುಗಳು ಒಳಗೆ ಒಂದರ ಹಿಂದೆ ಒಂದು ಕಾಣುತ್ತವೆ. ಯಾವುದಾದರೂ ಒಂದು ಬೆಳ್ಳಗೆ ಹೊಳೆದರೆ ಆ ಮೇಲ್ಮೈಗೆ ಕೋಟಿಂಗ್ ಇಲ್ಲ, ಅಥವಾ ಯಾರೋ ಉಜ್ಜಿ ತೆಗೆದಿದ್ದಾರೆ. ಈ ಮಾತು ನೆನಪಿಟ್ಟುಕೊಳ್ಳಿ, ಕೊನೆಗೆ ನನ್ನದೇ ಒಂದು ಕಥೆ ಬರುತ್ತದೆ.

ಮದುವೆ ತೆಗೆಯುವವರಿಗೆ ಒಂದು ಮಾತು. ಸೀರೆಯ ಜರಿ ನೋಡಿ, ಎಫ್ 1.4ರಲ್ಲಿ. ಫೋಕಸ್ ಕಣ್ಣಿನ ಮೇಲಿದೆ, ಜರಿ ಅಂಚು ಸ್ವಲ್ಪ ಮುಂದೆ. ಬಂಗಾರದ ಎಳೆ ಇರಬೇಕಾದ ಕಡೆ ನೇರಳೆ ಛಾಯೆ. ಹಿಂದೆ ಇರುವ ಸೆರಗಿನ ಜರಿಗೆ ಹಸಿರು. ಎಲ್ಲ ಬಣ್ಣವನ್ನೂ ಒಂದೇ ಜಾಗಕ್ಕೆ ತಂದು ಸೇರಿಸಲು ಲೆನ್ಸಿಗೆ ಆಗಿಲ್ಲ. ಇದನ್ನು ಕಮ್ಮಿ ಮಾಡಲು ಬಣ್ಣಗಳನ್ನು ಕಮ್ಮಿ ಚದುರಿಸುವ ಇ.ಡಿ. (ED) ಗಾಜು, ಫ್ಲೋರೈಟ್ ಹರಳು ಹಾಕುತ್ತಾರೆ. ಕ್ಯಾನನ್ 1969ರಲ್ಲೇ ಫ್ಲೋರೈಟ್ ಹಾಕಿದ 300 ಎಂಎಂ ಮಾರಾಟಕ್ಕೆ ಬಿಟ್ಟಿತ್ತು. ನಿಮ್ಮ ಹತ್ತಿರ ಅಂಥದ್ದಿಲ್ಲದಿದ್ದರೆ ಎಫ್ 2.8ಕ್ಕೆ ಇಳಿಸಿ, ಬಹಳಷ್ಟು ಹೋಗುತ್ತದೆ. ಎಫ್ 1.4 ಅಂತ ದುಡ್ಡು ಕೊಟ್ಟಿದ್ದೇನೆ, ಅದರಲ್ಲೇ ತೆಗೆಯುತ್ತೇನೆ ಅನ್ನುವ ಹಟ ಬೇಡ. ಮದುಮಗನ ಒಂದು ಕಣ್ಣು ಫೋಕಸ್ಸಿನಲ್ಲಿ, ಇನ್ನೊಂದು ಮಬ್ಬು, ಇಂಥ ಆಲ್ಬಮ್ಮುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಒಂದೆರಡು ನನ್ನವೇ.

ಕಾಡಿನವರಿಗೆ ಬರೋಣ. ಬೆಂಗಳೂರಿನ ಹನುಮಂತರಾವ್, ಪೆರುಮಾಳ್, ಸಂಡೂರಿನ ಘೋರ್ಪಡೆ, ಮೂಡಿಗೆರೆಯ ತೇಜಸ್ವಿ, ಇವರೆಲ್ಲ ಕೈಯಲ್ಲಿ ಫೋಕಸ್ ತಿರುಗಿಸುತ್ತಾ, ಫಿಲ್ಮಿನ ಕಾಲದಲ್ಲಿ ಕಾಡು, ಹಕ್ಕಿಗಳ ಫೋಟೋ ತೆಗೆದವರು. ಲೆನ್ಸ್ ಸಾಲದು ಅಂತ ನೆಪ ಹೇಳುವ ಮುಂಚೆ ಅವರ ಫೋಟೋ ಒಮ್ಮೆ ನೋಡಿ. ಹಾಗಂತ ಲೆನ್ಸ್ ಲೆಕ್ಕಕ್ಕಿಲ್ಲ ಅಂತಲ್ಲ. ಕಬಿನಿಯಲ್ಲಿ ಬೆಳಗ್ಗೆ ಆರೂವರೆ, ಮರದ ಕೆಳಗೆ ಚಿರತೆ. 600 ಎಂಎಂ ಎಫ್ 4 ಇರುವವನಿಗೆ ಸೆಕೆಂಡಿನ ಸಾವಿರದ ಒಂದು ಭಾಗ ಸಿಗುವ ಕಡೆ, 150-600ರ ಎಫ್ 6.3 ಇರುವ ನಿಮಗೆ ನಾನೂರರ ಒಂದು ಭಾಗ. ಎರಡೂವರೆ ಪಟ್ಟು ಬೆಳಕಿನ ವ್ಯತ್ಯಾಸ. ಚಿರತೆ ಸುಮ್ನೆ ಕೂತಿದ್ದರೆ ನಾನೂರೂ ಸಾಕು. ಭದ್ರಾ ಹಿನ್ನೀರಿನಲ್ಲಿ ರೀವ ಹಕ್ಕಿ ಮೀನು ಹಿಡಿಯಲು ಧುಮುಕುವಾಗ ಸಾಲದು. ಆದರೆ ಬಿಸಿಲು ಬಂದ ಮೇಲೆ ರಂಗನತಿಟ್ಟಿನಲ್ಲಿ, ಕೊಕ್ಕರೆ ಬೆಳ್ಳೂರಿನಲ್ಲಿ ಈ ಎರಡು ಲೆನ್ಸಿನ ಫೋಟೋ ಪಕ್ಕ ಪಕ್ಕ ಇಟ್ಟರೆ ಯಾವುದು ಯಾವುದು ಅಂತ ನಾನೇ ತಡವರಿಸುತ್ತೇನೆ. 150-600 ಸುಮಾರು 2 ಕೆಜಿ, ಆ 600 ಎಫ್ 4 ಅದಕ್ಕಿಂತ ಬಹಳ ಭಾರ. ಕುತ್ತಿಗೆ ನಿಮ್ಮದು.

ಬೀನ್ ಬ್ಯಾಗ್, ಅಂದರೆ ಕ್ಯಾಮೆರಾ ಊರಲು ಕಾಳು ತುಂಬಿದ ಚೀಲ, ಹೊತ್ತುಕೊಂಡು ಹೋಗಿ, ಜೀಪಿನಲ್ಲಿ ಟ್ರೈಪಾಡ್‌ಗಿಂತ ಅದೇ ವಾಸಿ. ನಾನು ಮೊದಲ ಸಲ ಮನೆಯಲ್ಲೇ ಹೊಲಿಸಿ, ಜಾಣ ಅಂದುಕೊಂಡು ರಾಗಿ ತುಂಬಿದ್ದೆ. ಮಳೆಯಲ್ಲಿ ನೆನೆಯಿತು. ಮೂರು ದಿನ ಬಿಟ್ಟು ಬ್ಯಾಗ್ ತೆಗೆದರೆ ಮೊಳಕೆ ಬಂದಿತ್ತು. ನಮ್ಮಮ್ಮ ಹುರಿಹಿಟ್ಟು ಮಾಡಲಾ ಅಂತ ಕೇಳಿದರು.

ಹಾಗಾದರೆ ನಮಗೆ ಬೇಕಾದದ್ದು ಯಾವುದು ಅಂತ ಹೇಗೆ ಗೊತ್ತಾಗುತ್ತದೆ? ಅಂಗಡಿಗೆ ಹೋಗುವ ಮುಂಚೆ ನಿಮ್ಮ ಹಾರ್ಡ್ ಡಿಸ್ಕಿಗೆ ಹೋಗಿ. ಪ್ರತಿ ಫೋಟೋದಲ್ಲೂ ಯಾವ ಫೋಕಲ್ ಲೆಂತ್, ಯಾವ ಅಪರ್ಚರ್ ಅಂತ ದಾಖಲಾಗಿರುತ್ತದೆ. ಎಲ್ಲಾ ಫೋಟೋ ಬೇಡ, ನೀವು ಇಟ್ಟುಕೊಂಡ, ಯಾರಿಗಾದರೂ ತೋರಿಸಿದ ಫೋಟೋಗಳನ್ನು ಮಾತ್ರ ನೋಡಿ. ನಾನು ಹೀಗೆ ಕೂತು ನೋಡಿದಾಗ ನಾಚಿಕೆ ಆಯಿತು. ನಾನು ಟೆಲಿ ಮನುಷ್ಯ, ಅಂದರೆ ದೂರದಿಂದ ಎಳೆದು ತೆಗೆಯುವವನು, ಅಂದುಕೊಂಡಿದ್ದೆ. ನನಗೆ ಇಷ್ಟವಾದ ಫೋಟೋಗಳೆಲ್ಲ 35ರ ಹತ್ತಿರ, ಜನರ ನಡುವೆ ನಿಂತು ತೆಗೆದವು. 70-200 ಬ್ಯಾಗಿನಲ್ಲಿ ಭಾರಕ್ಕೆ ಇತ್ತು. ಅದನ್ನು ಮಾರಿ 35 ಎಂಎಂ ಎಫ್ 1.8 ತಗೊಂಡೆ, ಉಳಿದ ದುಡ್ಡಲ್ಲಿ ಎರಡು ಸಲ ಹಂಪಿಗೆ ಹೋಗಿಬಂದೆ. ಕ್ರಾಪ್, ಅಂದರೆ ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರ್ ಇರುವವರು ಮಾತ್ರ ಫೋಕಲ್ ಲೆಂತ್ ಅನ್ನು ಒಂದೂವರೆಯಿಂದ ಗುಣಿಸಿಕೊಳ್ಳಿ, ಕ್ಯಾನನ್ ಆದರೆ 1.6. ನಿಮ್ಮ 35 ಅಲ್ಲಿ 50ರ ಹಾಗೆ ನೋಡುತ್ತದೆ.

ಲೆನ್ಸ್ ಕೊಳ್ಳುವುದು ಒಂದು, ಅದರ ರುಚಿ ಹತ್ತುವುದು ಇನ್ನೊಂದು. ಇದು ನನ್ನ ಹತ್ತಿರ ಇರುವ ಲೆನ್ಸ್‌ಗಳಲ್ಲೇ ನನಗೆ ಪ್ರಿಯವಾದದ್ದು. ನಿಕಾನ್ 105 ಎಂಎಂ ಎಫ್ 2.5, ಕೈಯಲ್ಲೇ ಫೋಕಸ್ ಮಾಡಬೇಕು. 1984ರಲ್ಲಿ ಸ್ಟೀವ್ ಮೆಕರಿ ತೆಗೆದ ಹಸಿರು ಕಣ್ಣಿನ ಆಫ್ಘನ್ ಹುಡುಗಿಯ ಫೋಟೋ ನೀವೆಲ್ಲ ನೋಡಿದ್ದೀರಿ, ಅದು ಇದೇ ಮಾದರಿಯ ಲೆನ್ಸಿನಲ್ಲಿ ಬಂದದ್ದು. ಸುಮ್ನೆ ತಿರುಗಿಸಿ ನೋಡಿ. ಹಿತ್ತಾಳೆ, ಅಲ್ಯೂಮಿನಿಯಂ, ಗ್ರೀಸು. ಬಳೆ ಎಲ್ಲೂ ತಡೆಯುವುದಿಲ್ಲ, ಎಲ್ಲೂ ಜಾರುವುದಿಲ್ಲ, ತುಪ್ಪದಲ್ಲಿ ಸೌಟು ಆಡಿಸಿದ ಹಾಗೆ. ಅಂಕಿಗಳನ್ನು ಕೊರೆದು ಬಣ್ಣ ತುಂಬಿದ್ದಾರೆ. ಅಪರ್ಚರ್ ಅಂಕಿ ಯಾವ ಬಣ್ಣದಲ್ಲಿದೆಯೋ ಅದೇ ಬಣ್ಣದ ಎರಡು ಗೆರೆ ಪಕ್ಕದಲ್ಲಿವೆ, ಆ ಎರಡರ ನಡುವಿನ ದೂರದಲ್ಲಿ ಇರುವುದೆಲ್ಲ ಶಾರ್ಪ್ ಬರುತ್ತದೆ ಅಂತ. ಯಾವ ಸ್ಕ್ರೀನೂ ಬೇಡ. ಮುಂದಿನ ಹುಡ್ ಒಳಗಿನಿಂದಲೇ ಜಾರಿ ಬರುತ್ತದೆ, ಕಳೆದುಹೋಗುವ ಭಯ ಇಲ್ಲ.

ಇದು ಏನು ಬಿಟ್ಟಿದೆ? ಆಟೋಫೋಕಸ್ ಇಲ್ಲ. ಒಂದು ಮೀಟರಿಗಿಂತ ಹತ್ತಿರ ಬರುವುದಿಲ್ಲ. ಸೂರ್ಯನ ಎದುರು ಹಿಡಿದರೆ ಈಗಿನ ಲೆನ್ಸಿನಷ್ಟು ತಡೆಯುವುದಿಲ್ಲ. ಓಡುವ ಮಗುವಿಗೆ ಬೇಡವೇ ಬೇಡ. ಕಿಟಕಿ ಪಕ್ಕ ಕೂತು ಎಲೆ ಅಡಿಕೆ ಮೆಲ್ಲುವ ಅಜ್ಜಿಗೆ ಇದಕ್ಕಿಂತ ಒಳ್ಳೆಯದು ನಾನು ಹಿಡಿದಿಲ್ಲ. ಮುಖದ ಸುಕ್ಕು ಕಾಣುತ್ತದೆ, ಚುಚ್ಚುವುದಿಲ್ಲ. ಹಿಂದಿನ ಗೋಡೆ ನಿಧಾನಕ್ಕೆ ಮಸುಕಾಗುತ್ತಾ ಹೋಗುತ್ತದೆ, ದಿಢೀರ್ ಅಂತ ಕತ್ತರಿಸುವುದಿಲ್ಲ. ಇದಕ್ಕೆ ಅಳತೆಗೋಲು ಇಲ್ಲ, ನೂರಾರು ಫೋಟೋ ತೆಗೆದ ಮೇಲೆ ಕಣ್ಣಿಗೆ ಗೊತ್ತಾಗುತ್ತದೆ. ಕ್ಯಾಮೆರಾ ಬಾಡಿ ಐದು ಬದಲಾಯಿಸಿದೆ. ಇದು ಹಾಗೇ ಇದೆ.

ಕೊನೆಗೆ ಆ ಕಥೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಕೇಳಿಸಿಕೊಳ್ಳಿ. ಈ 105ಕ್ಕೆ ಮುಂಚೆ ಇನ್ನೊಂದು 105 ಕೊಂಡಿದ್ದೆ. ಅಂಗಡಿಯ ಬೆಳಕಲ್ಲಿ ಗಾಜು ಫಳಫಳ ಹೊಳೆಯುತ್ತಿತ್ತು, ಅದೇ ನೋಡಿ ಮರುಳಾದೆ. ಮನೆಗೆ ಬಂದು ಕಿಟಕಿಯ ಎದುರು ತೆಗೆದರೆ ಎಲ್ಲ ಹಾಲು ಚೆಲ್ಲಿದ ಹಾಗೆ ಬಿಳಿ. ಒಳಗೆ ಫಂಗಸ್ ಬಂದಿದ್ದನ್ನು ಯಾರೋ ಬಿಚ್ಚಿ, ಉಜ್ಜಿ ಉಜ್ಜಿ, ಕೋಟಿಂಗ್ ಸಮೇತ ತೆಗೆದಿದ್ದರು. ಅಂಗಡಿಯವರು ಒಂದು ಮಾತೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಹೋಗಿ ಜಗಳ ಆಡಿದೆ, ಪ್ರಯೋಜನ ಆಗಲಿಲ್ಲ. ಅವತ್ತು ಟ್ಯೂಬ್‌ಲೈಟ್ ಕೆಳಗೆ ಓರೆ ಹಿಡಿದು ನೋಡಿದ್ದರೆ ಬೆಳ್ಳಗೆ ಹೊಳೆಯುವ ಆ ಒಂದು ಗೆರೆ ಅಲ್ಲೇ ಕಾಣುತ್ತಿತ್ತು.

ಹಾಗಾಗಿ ಮೊದಲು ಟ್ಯೂಬ್‌ಲೈಟ್. ಆಮೇಲೆ ಅಪರ್ಚರ್ ಪೂರ್ತಿ ತೆರೆದು, ಮೊಬೈಲ್ ಟಾರ್ಚನ್ನು ಹಿಂದಿನಿಂದ ಹಿಡಿದು ಮುಂದಿನಿಂದ ಓರೆಯಾಗಿ ನೋಡಿ. ಧೂಳಿನ ಕಣ ನಾಲ್ಕಾರು ಕಂಡರೆ ಪರವಾಗಿಲ್ಲ, ಎಲ್ಲ ಲೆನ್ಸಿನಲ್ಲೂ ಇರುತ್ತದೆ, ಫೋಟೋದಲ್ಲಿ ಬರುವುದಿಲ್ಲ. ಜೇಡರ ಬಲೆಯ ಹಾಗೆ, ಬೇರು ಬಿಟ್ಟ ಹಾಗೆ ಎಳೆಗಳು ಕಂಡರೆ ವಾಪಸ್ ಕೊಟ್ಟು ಬನ್ನಿ. ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಇದೆಯಾ ನೋಡಿ. ಮುಂದಿನ ಗಾಜಿನ ಸಣ್ಣ ಗೀರಿಗೆ ಹೆದರಬೇಡಿ, ಹಿಂದಿನ ಗಾಜಿನ ಗೀರಿಗೆ ಹೆದರಿ, ಅದು ಸೆನ್ಸರಿಗೆ ಹತ್ತಿರ.

ಫಂಗಸ್ ಬರದ ಹಾಗೆ ನೋಡಿಕೊಳ್ಳುವುದು ತೀರ್ಥಹಳ್ಳಿ, ಆಗುಂಬೆ, ಉಡುಪಿ ಕಡೆಯವರಿಗೆ ಇನ್ನೂ ಮುಖ್ಯ. ಮಳೆಗಾಲದಲ್ಲಿ ಬೀರುವಿನ ಒಳಗೆ, ಚರ್ಮದ ಕೇಸಿನಲ್ಲಿ ಇಡುವುದು ಅಂದರೆ ಬಿತ್ತನೆ ಮಾಡಿದ ಹಾಗೆ. ಡ್ರೈ ಕ್ಯಾಬಿನೆಟ್ ಇದ್ದರೆ 40ರಿಂದ 50 ಶೇಕಡಾ ತೇವಕ್ಕೆ ಇಡಿ. ಇಲ್ಲದಿದ್ದರೆ ಗಾಳಿಯಾಡದ ದೊಡ್ಡ ಡಬ್ಬ, ಅದರೊಳಗೆ ಸಿಲಿಕಾ ಜೆಲ್, ಒಂದು ಸಣ್ಣ ತೇವ ಮಾಪಕ. ನೀಲಿ ಹರಳು ಗುಲಾಬಿಗೆ ತಿರುಗಿದರೆ ತೇವ ಕುಡಿದು ತುಂಬಿದೆ ಅಂತ, ಬಿಸಿ ಮಾಡಿದರೆ ಮತ್ತೆ ನೀಲಿ. ಅಡುಗೆ ಬಾಣಲೆ ಮಾತ್ರ ಬೇಡ, ಆ ನೀಲಿ ಬಣ್ಣ ವಿಷ, ಅದಕ್ಕೇ ಅಂತ ಬೇರೆ ಪಾತ್ರೆ ಇಟ್ಟುಕೊಳ್ಳಿ. ಮತ್ತೆ ಲೆನ್ಸನ್ನು ತಿಂಗಳಿಗೆ ಒಂದು ಸಲವಾದರೂ ಹೊರಗೆ ತೆಗೆದು ಬಳಸಿ.

ಹಿಂದೆ ಕೂತವರೊಬ್ಬರು "ಸರ್, ಈಗ 50 ಸಾವಿರ ಇದೆ, ನಾನು ಏನು ತಗೊಳ್ಳಲಿ" ಅಂತ ಕೇಳುತ್ತಿದ್ದಾರೆ. ಇಷ್ಟು ಹೊತ್ತು ಮಾತಾಡಿದ್ದು ಇದಕ್ಕೇನಾ! ಏನು ತೆಗೀತೀರಿ? ... ಅಜ್ಜಿ ತಾತಂದಿರು, ಮನೆ, ದೇವಸ್ಥಾನದ ಒಳಗೆ? ಹಾಗಿದ್ದರೆ ಒಂದು 35 ಎಫ್ 1.8, ಬೇಲೂರಿನ ನವರಂಗದ ಕತ್ತಲೆಗೂ ಆಗುತ್ತದೆ. ಉಳಿದ ದುಡ್ಡು ಇಟ್ಟುಕೊಂಡಿರಿ, ಆರು ತಿಂಗಳು ಬಿಟ್ಟು ಫೋಟೋಗಳನ್ನು ತಂದು ತೋರಿಸಿ. ಏನು ಸಾಲುತ್ತಿಲ್ಲ ಅಂತ ಆಗ ನೋಡೋಣ.

ನನ್ನ ಬ್ಯಾಗ್ ಇಲ್ಲೇ ಟೇಬಲ್ ಮೇಲಿದೆ, ಪೇಪರ್ ಗೋಡೆಗೆ ಅಂಟಿಸುತ್ತೇನೆ. ಕ್ಯಾಮೆರಾ ತಂದಿರುವವರು ನಿಮ್ಮ ಲೆನ್ಸ್ ತಗೊಂಡು ಬನ್ನಿ, ಒಬ್ಬೊಬ್ಬರೇ ನೋಡೋಣ. 105 ಯಾರ ಕೈಯಲ್ಲಿದೆ? ತಿರುಗಿಸಿ, ಎಷ್ಟು ಬೇಕಾದರೂ ತಿರುಗಿಸಿ. ಮುಂದಿನ ಗಾಜಿಗೆ ಬೆರಳು ಮಾತ್ರ ತಾಗಿಸಬೇಡಿ.